ಬೆಳಗಿನ ಜಾವದ ಫೋನನ್ನು ರಾತ್ರಿಗೆ ತಂದೆವು: ಹೈಸ್ಕೂಲು ಪಿಇ ಟೀಚರ್ ಒಬ್ಬಳ ಅನುಭವ

ಶಿಡ್ಲಘಟ್ಟದ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಎಂಟರಿಂದ ಹತ್ತನೇ ತರಗತಿಯ ಮಕ್ಕಳು. ರೇಷ್ಮೆ, ಹಾಲು, ಹೂವು, ಟೊಮೆಟೊ ನಂಬಿದ ಮನೆಗಳು. ಈ ಮಕ್ಕಳ ಆಟಕ್ಕೂ ನಿದ್ದೆಗೂ ನಾವು ಮಾಡಿಕೊಂಡ ಸಣ್ಣ ಬದಲಾವಣೆಗಳ ಕಥೆ ಇದು. ಪಿಇ ಟೀಚರ್ ಅಂದರೆ ಪ್ರಾರ್ಥನೆಗೆ ಸಾಲು ನಿಲ್ಲಿಸಬೇಕು, ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ತಂಡ ಕಟ್ಟಬೇಕು, ಅಷ್ಟೇ ಎಂದು ಎಲ್ಲರ ಲೆಕ್ಕ. ಈ ತಂಡ ಕಟ್ಟುವ ಕೆಲಸದಿಂದಲೇ ಬಹುಪಾಲು ಮಕ್ಕಳ ಆಟ ನಿಂತುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಓಡಬಲ್ಲ ಹತ್ತು ಹನ್ನೆರಡು ಮಕ್ಕಳನ್ನು ಆರಿಸುತ್ತೇವೆ, ಜುಲೈ ಆಗಸ್ಟ್ ಪೂರ್ತಿ ಅವರನ್ನೇ ಓಡಿಸುತ್ತೇವೆ. ಉಳಿದವರು ಹುಣಸೆಮರದ ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಯೇ ಅವರ ವ್ಯಾಯಾಮ.

5ರಿಂದ 17ರ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಳ್ಳಿ ಮಕ್ಕಳಿಗೆ ಅದೆಲ್ಲ ತಾನಾಗಿ ಆಗುತ್ತದೆ ಎಂದು ಪಟ್ಟಣದವರು ಅಂದುಕೊಂಡಿದ್ದಾರೆ. ಒಂದು ಕಾಲಕ್ಕೆ ಆಗುತ್ತಿತ್ತು. 2006-07ರಲ್ಲಿ ಶುರುವಾದ ಸರ್ಕಾರದ ಸೈಕಲ್ ತುಳಿದುಕೊಂಡು ಎಂಟನೇ ತರಗತಿಯವರು ಬರುತ್ತಿದ್ದರು. ಕೋವಿಡ್ ಕಾಲದಲ್ಲಿ ಆ ಸೈಕಲ್ ನಿಂತಿತು. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಯೋಜನೆಯನ್ನು ನಾನು ದೂರುತ್ತಿಲ್ಲ, ಅದರಿಂದ ಶಾಲೆ ಬಿಡದೆ ಉಳಿದ ಹುಡುಗಿಯರು ನಮ್ಮಲ್ಲೇ ಇದ್ದಾರೆ. ಆದರೆ ಮೂರು ನಾಲ್ಕು ಕಿಲೋಮೀಟರ್ ತುಳಿಯುತ್ತಿದ್ದ ಕಾಲು ಈಗ ಬಸ್ಸಿನಲ್ಲಿ ಕೂರುತ್ತದೆ.

ನಾನು ಮೊದಲು ಹಿಡಿದದ್ದು ಆ ಬಸ್ಸಿನ ಮಕ್ಕಳನ್ನೇ. ಬಸ್ಸು ಒಂಬತ್ತಕ್ಕೆ ಮುಂಚೆ ಬಂದುಬಿಡುತ್ತದೆ, ಪ್ರಾರ್ಥನೆ ಹತ್ತಕ್ಕೆ. ನಡುವಿನ ಒಂದು ಗಂಟೆ ವರಾಂಡದಲ್ಲಿ ಕೂತು ಕಳೆಯುತ್ತಿದ್ದರು. ಆಟದ ಕೊಠಡಿಯ ಬೀಗದ ಕೈಯನ್ನು ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರ ಕೈಗೆ ಕೊಟ್ಟೆ. ಚೆಂಡು, ರಿಂಗು, ಸ್ಕಿಪ್ಪಿಂಗ್ ಹಗ್ಗ ಹೊರಗೆ ಬಂದವು. ಹಗ್ಗ ಅಂಗಡಿಯದಲ್ಲ, ಸಂತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಂಡ ನೈಲಾನ್ ಹಗ್ಗ, ತುದಿಗೆ ಗಂಟು. ಬೆಳಗಿನ ಬಿಸಿಲಿಗೆ ಮೈಯೊಡ್ಡಿದರೆ ದೇಹದ ಗಡಿಯಾರ ಮುಂದಕ್ಕೆ ಬರುತ್ತದೆ, ರಾತ್ರಿ ನಿದ್ದೆ ಬೇಗ ಹತ್ತುತ್ತದೆ. ಇದನ್ನೆಲ್ಲ ಮಕ್ಕಳಿಗೆ ನಾನು ಹೇಳಲೇ ಇಲ್ಲ. ಅವರಿಗೆ ಆಟ ಬೇಕಿತ್ತು.

ಆಟದ ನಿಯಮಗಳನ್ನೂ ಸ್ವಲ್ಪ ತಿರುಚಿದೆ. ಕೊಕ್ಕೊ ನೋಡಿ, ಎಂಟು ಜನ ಕೂತಿರುತ್ತಾರೆ, ಒಬ್ಬ ಅಟ್ಟುತ್ತಾನೆ. ಕಬಡ್ಡಿಯಲ್ಲಿ ಮೊದಲು ಔಟಾಗುವವನು ಮೈ ಭಾರದವನು, ಹೆಚ್ಚು ಹೊತ್ತು ಹೊರಗೆ ಕೂರುವವನೂ ಅವನೇ. ಯಾರಿಗೆ ಓಟ ಹೆಚ್ಚು ಬೇಕೋ ಅವರಿಗೇ ಕಡಿಮೆ. ಅದಕ್ಕೆ ನಮ್ಮ ಪೀರಿಯಡ್‌ನಲ್ಲಿ ಔಟಾದವರು ಹುಣಸೆಮರ ಮುಟ್ಟಿ ಬಂದು ಮತ್ತೆ ಆಟ ಸೇರಬೇಕು. ಕೊಕ್ಕೊ ಅಂಕಣವನ್ನು ಮೂರು ಸಣ್ಣ ಸಾಲು ಮಾಡಿದೆ. ಲಗೋರಿ, ಕುಂಟೆಬಿಲ್ಲೆಗೆ ಮರ್ಯಾದೆ ಕೊಟ್ಟೆ. ಎಲುಬು ಗಟ್ಟಿಯಾಗುವ ವಯಸ್ಸಿನಲ್ಲಿ ಕುಪ್ಪಳಿಸುವುದಕ್ಕಿಂತ ಒಳ್ಳೆಯದು ಯಾವುದಿದೆ? ತಂಡದ ಮಕ್ಕಳಿಗೆ ಸಂಜೆ ಬೇರೆ ಹೊತ್ತು. ಕಪ್ ಗೆಲ್ಲುವ ಆಸೆ ನನಗೂ ಇದೆ.

ಹೆಣ್ಣುಮಕ್ಕಳ ವಿಷಯಕ್ಕೆ ಇಷ್ಟು ಸಾಲಲಿಲ್ಲ. ಏಳನೇ ತರಗತಿವರೆಗೆ ಗಂಡುಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವಳು ಒಂಬತ್ತಕ್ಕೆ ಬರುವಷ್ಟರಲ್ಲಿ ವೇಲ್ ಸರಿಮಾಡಿಕೊಳ್ಳುತ್ತಾ ನಿಂತುಬಿಡುತ್ತಾಳೆ. ಇದನ್ನು ಸೋಮಾರಿತನ ಎನ್ನುವವರು ಆ ಮೈದಾನದಲ್ಲಿ ಒಂದು ದಿನ ವೇಲ್ ಹೊದ್ದು ಓಡಲಿ. ವೇಲನ್ನು ಅಡ್ಡ ಹಾಕಿ ಸೊಂಟದ ಹತ್ತಿರ ಪಿನ್ ಮಾಡುವುದು ಕಲಿಸಿದೆ, ಆಟದ ದಿನ ಟ್ರ್ಯಾಕ್ ಪ್ಯಾಂಟ್‌ಗೆ ಎಚ್‌ಎಂ (ಮುಖ್ಯೋಪಾಧ್ಯಾಯ) ಸರ್ ಒಪ್ಪಿದರು. ವಾರದಲ್ಲಿ ಎರಡು ದಿನ ಮೈದಾನದ ನಡುಭಾಗ ಹುಡುಗಿಯರದು, ಹುಡುಗರು ಅಂಚಿಗೆ. ಹುಡುಗರು ಗೊಣಗಿದರು. ಗೊಣಗಲಿ.

ಆದರೆ ನಿಜವಾಗಿ ಬದಲಾವಣೆ ತಂದದ್ದು ಶೌಚಾಲಯದ ನೀರು. ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ ಅಂದರೆ ಮುಟ್ಟಿನ ದಿನ ಯಾವ ಹುಡುಗಿ ಓಡುತ್ತಾಳೆ? ಬೆಳಗಿನಿಂದ ನೀರೇ ಕುಡಿಯದೆ ಕೂರುತ್ತಾಳೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಾನು ಬ್ಯಾಟು ಬಾಲು ಕೇಳಲಿಲ್ಲ, ಸಿಂಟೆಕ್ಸ್ ನೀರಿನ ಟ್ಯಾಂಕಿನಿಂದ ಒಂದು ಪೈಪು ಕೇಳಿದೆ. "ಹೊಟ್ಟೆನೋವು ಮೇಡಂ" ಅಂದರೆ ಕಾರಣ ಕೇಳದೆ ಆಟದ ಅಂಕ ಬರೆಯುವ ಪುಸ್ತಕ ಕೊಡುತ್ತೇನೆ, ನಡೆಯಬಲ್ಲೆ ಅಂದರೆ ನಡೆಯಲಿ. ಬೇಗ ಏದುಸಿರು ಬರುವವರ ಮೇಲೆ ಇನ್ನೊಂದು ಕಣ್ಣು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19ರ ಹೆಣ್ಣುಮಕ್ಕಳಲ್ಲಿ ಶೇ 59 ಮಂದಿಗೆ ರಕ್ತಹೀನತೆ. ರಕ್ತವೇ ಇಲ್ಲದವಳಿಗೆ "ಓಡು, ಓಡು" ಎಂದು ಸೀಟಿ ಊದಿ ಏನು ಪ್ರಯೋಜನ? ವಾರದ ಕಬ್ಬಿಣಾಂಶದ ಮಾತ್ರೆಯನ್ನು ಬಿಸಿಯೂಟ ಆದ ಮೇಲೆ ಎದುರಿಗೇ ನುಂಗಿಸುತ್ತೇನೆ. ಕಾಫಿ ಟೀ ಜೊತೆ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ.

ಇನ್ನು ನಿದ್ದೆ. ಹದಿಮೂರು ದಾಟಿದವರಿಗೆ 8ರಿಂದ 10 ಗಂಟೆ ಬೇಕು. ಎಷ್ಟು ಹೊತ್ತಿಗೆ ಮಲಗಿದಿರಿ ಎಂದು ಕೇಳಿದರೆ ಎಲ್ಲರೂ "ಒಂಬತ್ತಕ್ಕೆ ಮೇಡಂ" ಅನ್ನುತ್ತಾರೆ. ಅದಕ್ಕೆ ನಾನು ಹಾಗೆ ಕೇಳುವುದಿಲ್ಲ. ರಾತ್ರಿ ಕೊನೆಗೆ ಏನು ನೋಡಿದೆ, ಮ್ಯಾಚ್ ಯಾರು ಗೆದ್ದರು, ಆ ಸೀರಿಯಲ್‌ನಲ್ಲಿ ಕೊನೆಗೆ ಏನಾಯಿತು ಎಂದು ಕೇಳುತ್ತೇನೆ. ಗಂಟೆ ತಾನಾಗಿ ಹೊರಗೆ ಬರುತ್ತದೆ.

ಹಾಗೆ ಕೇಳುತ್ತಾ ಹೋದಾಗ ಗೊತ್ತಾಯಿತು, ಎಚ್ಚರವಿರುವವರೆಲ್ಲ ಫೋನು ನೋಡುತ್ತಿಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹೊತ್ತಿನ ನಿದ್ದೆ) ಎದ್ದರೆ ಮುಂದಿನ ವಾರವೆಲ್ಲ ಹಗಲು ರಾತ್ರಿ ಸೊಪ್ಪು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲು ಆ ವಾರವೇ ತಿನ್ನುತ್ತದೆ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವ ದಿನ ಮನೆಮಂದಿ ಪೂರ್ತಿ ಬೇಕು. ಕೆಲವರು ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಅಪ್ಪನ ಜೊತೆ ಮೋಟಾರು ಹಾಕಲು ತೋಟಕ್ಕೆ ಹೋಗುತ್ತಾರೆ. ಒಬ್ಬ ತಾಯಿ ನನ್ನನ್ನೇ ಕೇಳಿದರು, "ಮಗೂನ ಮಲಗ್ಸು ಅಂತೀರಲ್ಲ ಮೇಡಂ, ಹುಳಕ್ಕೆ ಸೊಪ್ಪು ನೀವ್ ಬಂದ್ ಹಾಕ್ತೀರಾ?" ಉತ್ತರ ನನ್ನಲ್ಲಿರಲಿಲ್ಲ. ಮನೆಯ ಬದುಕನ್ನು ಶಾಲೆ ತಿದ್ದಲಾಗದು, ಶಾಲೆಯ ಪಾಲನ್ನು ತಿದ್ದಬಹುದು. "ಹುಳ ಹಣ್ಣಾಗಿದೆ ಮೇಡಂ" ಅನ್ನುವುದು ಈಗ ನಮ್ಮಲ್ಲಿ ಒಪ್ಪಿತ ಕಾರಣ. ಆ ವಾರ ಆ ಮಗುವಿಗೆ ಹೋಂವರ್ಕ್ ಇಲ್ಲ, ಊಟವಾದ ಮೇಲೆ ಗ್ರಂಥಾಲಯದ ಚಾಪೆಯಲ್ಲಿ ಇಪ್ಪತ್ತು ನಿಮಿಷ ಮಲಗಬಹುದು, ಆಟದ ಪೀರಿಯಡ್‌ನಲ್ಲಿ ಓಡಲೇಬೇಕೆಂದಿಲ್ಲ.

ಶಾಲೆಯೇ ನಿದ್ದೆ ಕದಿಯುವುದು ಹತ್ತನೇ ತರಗತಿಯಲ್ಲಿ. ಜನವರಿ ಬಂತೆಂದರೆ ಎಸ್ಸೆಸ್ಸೆಲ್ಸಿ ಭಯ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ಮೇಲೆ ಬೆಳಗಿನ ಜಾವ ಐದಕ್ಕೆ ನಾವೇ ಫೋನ್ ಮಾಡಿ "ಎದ್ದು ಓದು" ಅನ್ನುವುದು. ಹರೆಯದಲ್ಲಿ ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಮೊದಲಿಗಿಂತ ತಡವಾಗಿ ಸ್ರವಿಸತೊಡಗುತ್ತದೆ, ಎರಡು ಗಂಟೆವರೆಗೂ ತಡವಾಗಬಹುದು. ಹನ್ನೊಂದಕ್ಕೆ ಮಲಗಿದವನನ್ನು ಐದಕ್ಕೆ ಎಬ್ಬಿಸಿದರೆ ಆರೇ ಗಂಟೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೈಸ್ಕೂಲು ಎಂಟೂವರೆಗೆ ಮುಂಚೆ ಶುರುವಾಗಬಾರದು ಎಂದಿತು, ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಅದು ಕಾನೂನು. ನಮ್ಮದು ಹತ್ತಕ್ಕೆ ಶುರುವಾಗುವ ಶಾಲೆ. ಸಿಕ್ಕ ಅನುಕೂಲವನ್ನು ನಾವೇ ಫೋನ್ ಮಾಡಿ ಹಾಳು ಮಾಡುತ್ತಿದ್ದೆವು.

ಸ್ಟಾಫ್ ಮೀಟಿಂಗ್‌ನಲ್ಲಿ ಐದರ ಫೋನನ್ನು ರಾತ್ರಿ ಒಂಬತ್ತೂವರೆಗೆ ಮಾಡೋಣ ಎಂದೆ. "ಹಾಗಾದ್ರೆ ಓದೋದು ಯಾವಾಗ ಮೇಡಂ?" ಎಂದರು ಗಣಿತದ ಮೇಷ್ಟ್ರು. ಹಗಲು ಓದಿದ್ದು ತಲೆಯಲ್ಲಿ ನೆಲೆ ನಿಲ್ಲುವುದೇ ನಿದ್ದೆಯಲ್ಲಿ ಎಂದು ವಿವರಿಸಿದೆ. ಅವರು ಒಪ್ಪಲಿಲ್ಲ. ಒಪ್ಪಿಸಿದ್ದು ಮೊದಲನೇ ಪೀರಿಯಡ್, ಅದು ಅವರದೇ. ತೂಕಡಿಸುವವರ ಹೆಸರನ್ನು ಹಾಜರಿ ಪುಸ್ತಕದ ಹಿಂದೆ ಬರೆದಿಡಿ ಸರ್, ಬೈಯಬೇಡಿ ಎಂದು ಕೇಳಿಕೊಂಡಿದ್ದೆ. ಸ್ವಲ್ಪ ದಿನಕ್ಕೆ ಅವರೇ ಆ ಪಟ್ಟಿಯನ್ನು ಎಚ್‌ಎಂ ಸರ್ ಮುಂದೆ ಇಟ್ಟರು.

ಈಗ ಫೋನ್ ಹೋಗುವುದು ಅಪ್ಪ ಅಮ್ಮನ ನಂಬರಿಗೆ, ಮಗುವಿಗಲ್ಲ. ಒಂದು ನಿಮಿಷದ ಮಾತು: ನಾಳೆಯ ಬ್ಯಾಗು ಆಯಿತಾ, ಫೋನು ಇವತ್ತು ಯಾರ ಕೋಣೆಯಲ್ಲಿ ಚಾರ್ಜಿಗೆ? ಪುಸ್ತಕ ಮುಚ್ಚಿದ ತಕ್ಷಣ ನಿದ್ದೆ ಬಾರದು. ಹತ್ತು, ಹತ್ತೂಕಾಲಿಗೆ ಕಣ್ಣು ಹತ್ತಿ ಆರೂಕಾಲಿಗೆ ಎದ್ದರೂ ಎಂಟು ಗಂಟೆಯಾಯಿತು, ಡೈರಿಗೆ ಹಾಲು ಹಾಕಲು ಹೋಗಬೇಕಾದವನು ಇನ್ನಷ್ಟು ಬೇಗ ಮಲಗಬೇಕು. ಓದಲೆಂದು ರಾತ್ರಿ ಕಾಫಿ ಕಾಯಿಸಿಕೊಡುವ ಅಮ್ಮಂದಿರಿಗೆ ಹೇಳುತ್ತೇನೆ, ಕುಡಿದ ಕಾಫಿಯ ಅರ್ಧ ಅಂಶ ಐದಾರು ಗಂಟೆಯಾದರೂ ಮೈಯಲ್ಲಿ ಉಳಿದಿರುತ್ತದೆ ಎಂದು. ಬೆಳಿಗ್ಗೆ ಎದ್ದು ಓದುವುದೇ ಒಗ್ಗಿದ ಕೆಲವರಿದ್ದಾರೆ. ಅವರು ಕೇಳಿದರೆ ಮಾತ್ರ ಎಬ್ಬಿಸುತ್ತೇವೆ, ರಾತ್ರಿ ಒಂಬತ್ತಕ್ಕೆ ಮಲಗುವ ಷರತ್ತಿನ ಮೇಲೆ. ಕ್ಲಾಸಿನ ವಾಟ್ಸಾಪ್ ಗುಂಪಿಗೆ ರಾತ್ರಿ ಎಂಟರ ನಂತರ ಶಿಕ್ಷಕರು ಯಾವ ಹೋಂವರ್ಕನ್ನೂ ಹಾಕುವಂತಿಲ್ಲ. ಇದನ್ನು ಪಾಲಿಸುವುದು ಮಕ್ಕಳಿಗಿಂತ ನಮಗೇ ಕಷ್ಟವಾಯಿತು.

ಫಲಿತಾಂಶ ಏರಿತೇ ಎಂದು ಬೇರೆ ಶಾಲೆಯವರು ಕೇಳುತ್ತಾರೆ. ಬೀಳಲಿಲ್ಲ, ಅಷ್ಟು ಹೇಳಬಲ್ಲೆ. ಏರಿದ ವರ್ಷ ಅದು ನಿದ್ದೆಯಿಂದಲೇ ಎಂದು ಹೇಳುವ ಧೈರ್ಯ ನನಗಿಲ್ಲ, ಆ ಮಕ್ಕಳೇ ಚುರುಕಾಗಿದ್ದಿರಬಹುದು. ಹತ್ತನೇ ತರಗತಿಯ ಆಟದ ಪೀರಿಯಡ್ ಮಾತ್ರ ಡಿಸೆಂಬರ್ ದಾಟಿದರೆ ಇವತ್ತಿಗೂ ನನ್ನ ಕೈಯಲ್ಲಿ ಉಳಿಯುವುದಿಲ್ಲ, ವಿಜ್ಞಾನಕ್ಕೋ ಗಣಿತಕ್ಕೋ ಹೋಗುತ್ತದೆ. ಅದರ ಬದಲಿಗೆ ಸಂಜೆಯ ವಿಶೇಷ ತರಗತಿಗೆ ಮುಂಚೆ ಕಾಲು ಗಂಟೆ ಮೈದಾನ ಕೇಳಿದ್ದೇನೆ. ಎಚ್‌ಎಂ ಸರ್ ಹತ್ತು ನಿಮಿಷಕ್ಕೆ ಇಳಿಸಿದ್ದಾರೆ, ಮಾತುಕತೆ ನಡೆಯುತ್ತಿದೆ.