ಜೋಡಿ ರೇಖೆ: ಡಾಪ್ಲರೋ, ಟನೆಲಿಂಗೋ?

ಮೀಥೈಲ್ ಗುಂಪಿನ ಅಣುವಿನ ಮೈಕ್ರೋವೇವ್ ರೋಹಿತದಲ್ಲಿ, 12 ಗಿಗಾಹರ್ಟ್ಸ್ ಆಸುಪಾಸಿನ ಪ್ರತಿ ರೇಖೆಯೂ ಸುಮಾರು 45 ಕಿಲೋಹರ್ಟ್ಸ್ ಅಂತರದ ಜೋಡಿಯಾಗಿತ್ತು. ಇದು ಎ–ಇ ಸೀಳೇ, ಅಂದರೆ ಮೀಥೈಲ್ ಗುಂಪು ತನ್ನ ತಿರುಗಾಟದ ತಡೆಗೋಡೆಯನ್ನು ಟನೆಲಿಂಗ್‌ನಿಂದ ದಾಟುವುದರಿಂದ ರೇಖೆ ಎ, ಇ ಎಂದು ಎರಡಾದದ್ದೇ? ಇಲ್ಲಾ ಅಣುಗಳ ಚಲನೆಯಿಂದ ಆವೃತ್ತಿ ಸರಿಯುವ ಡಾಪ್ಲರ್ ಪರಿಣಾಮವೇ? ಪರೀಕ್ಷೆ ಸುಲಭ: ಅಣುಗಳನ್ನು ಹೊತ್ತೊಯ್ಯುವ ವಾಹಕ ಅನಿಲ ಬದಲಿಸಿ. ಮೈಕ್ರೋವೇವ್ ಹಿಂದೆಮುಂದೆ ಓಡಾಡುವ ಕುಹರದ ಅಕ್ಷದಗುಂಟ ಹಾಯುವ ಆರ್ಗಾನ್ ಜೆಟ್‌ನ ವೇಗ ಸೆಕೆಂಡಿಗೆ ಸುಮಾರು 560 ಮೀಟರ್, ನಿಯಾನ್‌ನದು 790. ನಿಯಾನ್ ಹಾಕಿದಾಗ ಅಂತರ 63ಕ್ಕೇರಿತು, ಅಂದರೆ ಡಾಪ್ಲರ್. ಟನೆಲಿಂಗ್ ಸೀಳಿಗೆ ಅನಿಲದ ಹಂಗಿಲ್ಲ. ಜೋಡಿಯ ಸರಾಸರಿಯನ್ನೇ ಆವೃತ್ತಿಯೆಂದು ಬರೆದುಕೊಳ್ಳಬೇಕು.

ನಿಜವಾದ ಇ ರೇಖೆಗಳು ಬೇರೆಡೆ, ಕೆಲವೊಮ್ಮೆ ನೂರಾರು ಮೆಗಾಹರ್ಟ್ಸ್ ದೂರದಲ್ಲಿರುತ್ತವೆ. ಜೆಟ್ ಎಷ್ಟೇ ತಣ್ಣಗಾದರೂ ಅವು ಮಾಯವಾಗುವುದಿಲ್ಲ, ಎ, ಇ ಸ್ಥಿತಿಗಳ ನ್ಯೂಕ್ಲಿಯರ್ ಸ್ಪಿನ್ ಬೇರೆ ಬೇರೆ, ಅದು ಅಷ್ಟು ಬೇಗ ಬದಲಾಗದು. ಹಾಗಾಗಿ ಧೈರ್ಯವಾಗಿ ಹುಡುಕಿ.

ಅಳೆದ ರೇಖೆಗಳಿಗೆ ಮಾದರಿಯನ್ನು ಹೊಂದಿಸುವ ಫಿಟ್‌ನಲ್ಲಿ ಮೊದಲು ಎ ರೇಖೆಗಳಷ್ಟೇ ಇರಲಿ. ಇ ಸೇರಿಸುವಾಗ ಮೀಥೈಲ್‌ನ ಭ್ರಮಣ ಸ್ಥಿರಾಂಕವನ್ನು 158 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿ, ತಡೆಗೋಡೆಯ ಎತ್ತರ ಮತ್ತು ಮೀಥೈಲ್ ಅಕ್ಷದ ಕೋನವನ್ನು ಮಾತ್ರ ಸಡಿಲ ಬಿಡಿ. ಸ್ಥಿರಾಂಕವನ್ನೂ ಬಿಟ್ಟರೆ ಅದು ತಡೆಗೋಡೆಯೊಂದಿಗೆ ತಳುಕುಹಾಕಿಕೊಂಡು ಎರಡೂ ಅಲೆದಾಡುತ್ತವೆ.