1990ರ ಮಿಯಾಟಾಗೆ 1.8 ಎಂಜಿನ್ ಕೂರಿಸಿ ಸ್ಮಾಗ್ ಪಾಸ್ ಮಾಡಿಸಿದ್ದು: ನನ್ನ ಅನುಭವ

ಸ್ಮಾಗ್, ಅಂದರೆ ಕ್ಯಾಲಿಫೋರ್ನಿಯಾದ ಹೊಗೆ ಪರೀಕ್ಷೆ, ಪಾಸಾಯ್ತು. 1990ರ ಮಿಯಾಟಾ (ಮಾಜ್ದಾದ ಎರಡು ಸೀಟಿನ ಪುಟ್ಟ ಕಾರು), ಒಳಗೆ ಹಳೇ 1.6 ಲೀಟರಿನ ಬದಲು 1995ರ 1.8 ಲೀಟರ್ ಎಂಜಿನ್, ಬಾಗಿಲ ಚೌಕಟ್ಟಿನ ಮೇಲೆ ರೆಫರೀ (ಎಂಜಿನ್ ಬದಲಿಸಿದಂಥ ಕಾರುಗಳನ್ನ ಸರ್ಕಾರದ ಪರವಾಗಿ ನೋಡೋ ಪರೀಕ್ಷಕ) ಅಂಟಿಸಿದ ಚೀಟಿ. ಅದೂ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ, ರೋಲರ್ ಮೇಲೆ ಓಡಿಸಿ ಹೊಗೆ ಅಳೆಯೋ ಪೂರ್ತಿ ಟೆಸ್ಟಿನಲ್ಲಿ. "ಆಗಲ್ಲ ಬಿಡು ಮಾರಾಯ" ಅಂದವರು ಒಬ್ಬಿಬ್ಬರಲ್ಲ. ಫ್ರೀಮಾಂಟ್, ಸನಿವೇಲ್ ಕಡೆ ಕಾರಿನ ಹುಚ್ಚಿರೋ ನಮ್ಮ ಕನ್ನಡದ ಹುಡುಗರೆಲ್ಲ ಒಂದೇ ರಾಗ ಹಾಡಿದ್ದರು. ಈಗ ಅವರೇ ಫೋನ್ ಮಾಡಿ "ಹೇಗೆ ಮಾಡಿದೆ" ಅಂತ ಕೇಳ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿತು, ಅದಕ್ಕೇ ಬರೆದು ಹಾಕ್ತಿದ್ದೀನಿ.

ಅವರು ಕೊಟ್ಟಿದ್ದ ಸಲಹೆಗಳೂ ಒಂದಕ್ಕಿಂತ ಒಂದು ಚೆನ್ನ. ಎರಡು ವರ್ಷಕ್ಕೊಮ್ಮೆ ಟೆಸ್ಟ್ ಬಂದಾಗ ಹಳೇ 1.6 ಎಂಜಿನ್ ವಾಪಸ್ ಕೂರಿಸಿ, ಪಾಸ್ ಮಾಡಿಸಿ, ಮತ್ತೆ 1.8 ಹಾಕು ಅಂದ ಒಬ್ಬ. ಎಂಜಿನ್ ಇಳಿಸಿ ಏರಿಸೋದನ್ನ ವ್ರತ ಅಂದುಕೊಂಡಿದ್ದಾನೋ ಏನೋ. ರೋಲರ್ ಟೆಸ್ಟ್ ಇಲ್ಲದ ಕೌಂಟಿಯಲ್ಲಿರೋ ನೆಂಟರ ವಿಳಾಸಕ್ಕೆ ರಿಜಿಸ್ಟರ್ ಮಾಡಿಸು ಅಂದ ಇನ್ನೊಬ್ಬ. ನನಗೆ ಅಂಥ ನೆಂಟರೂ ಇಲ್ಲ, ಇದ್ದಿದ್ದರೂ ಮಾಡಿಸ್ತಿರಲಿಲ್ಲ. ಕಾಸು ಕೊಟ್ಟರೆ ಬೇರೆ ಕಾರಿನ ಹೊಗೆ ತೋರಿಸಿ ಸರ್ಟಿಫಿಕೇಟ್ ಕೊಡೋರಿದ್ದಾರೆ ಅನ್ನೋ ಗುಸುಗುಸು ಬೇರೆ. ನಾನಿರೋದು ವೀಸಾ ಮೇಲೆ, ಆ ಮಾತು ಅಲ್ಲಿಗೇ ಬಿಟ್ಟೆ.

ಹೆಚ್ಚಿನವರು ಹೇಳಿದ್ದು ಲೆನೋ ಕಾನೂನು (ಹಳೇ ಕಾರು ಸಂಗ್ರಹಿಸೋ ಟಿವಿ ಹಾಸ್ಯಗಾರ ಜೇ ಲೆನೋ ಹೆಸರಿನದು) ಬರೋವರೆಗೆ ಕಾದಿರು ಅಂತ. 35 ವರ್ಷ ದಾಟಿದ ಕಾರುಗಳಿಗೆ ಕಲೆಕ್ಟರ್ ಇನ್ಶೂರೆನ್ಸ್ (ಸಂಗ್ರಹಕ್ಕೆ ಇಟ್ಟು ಅಪರೂಪಕ್ಕೆ ಓಡಿಸೋ ಕಾರಿನ ವಿಮೆ) ಇದ್ದರೆ ಸ್ಮಾಗ್ ಬೇಡ ಅನ್ನೋ ಮಸೂದೆ, ಎಸ್‌ಬಿ 712. ನನ್ನದು 1990ರ ಕಾರು, 2025ಕ್ಕೆ ಸರಿಯಾಗಿ 35. ಎಲ್ಲರೂ ನನಗೋಸ್ಕರವೇ ಬರೆದಿದ್ದಾರೆ ಅನ್ನೋ ಹಾಗೆ ಸಂಭ್ರಮಪಟ್ಟರು. ಅದು ಆ ವರ್ಷ ಆಗಸ್ಟಿನಲ್ಲಿ ಅಸೆಂಬ್ಲಿಯ ಹಣಕಾಸು ಸಮಿತಿಯಲ್ಲೇ ನಿಂತುಹೋಯಿತು. 1975 ಮತ್ತು ಅದಕ್ಕಿಂತ ಹಳೇ ಗಾಡಿಗಳಿಗೆ ಮಾತ್ರ ವಿನಾಯಿತಿ ಅನ್ನೋದು ಹಾಗೇ ಉಳಿದಿದೆ. ಆ ಮಸೂದೆ ಪಾಸಾಗಿದ್ದರೂ ನನಗೆ ಉಪಯೋಗ ಇರಲಿಲ್ಲ. ನಾನು ಈ ಕಾರಲ್ಲಿ ದಿನಾ ಆಫೀಸಿಗೆ ಹೋಗ್ತೀನಿ, ಕಲೆಕ್ಟರ್ ಇನ್ಶೂರೆನ್ಸ್‌ನವರು ಅದಕ್ಕೆ ಒಪ್ಪಲ್ಲ.

ನನ್ನ ಲೆಕ್ಕಾಚಾರ ಸರಳ. ಎಂಜಿನ್ ಬದಲಿಸಬಾರದು ಅಂತ ಕ್ಯಾಲಿಫೋರ್ನಿಯಾ ಎಲ್ಲೂ ಹೇಳಿಲ್ಲ. ಎಂಜಿನ್ ಕಾರಿನ ವರ್ಷದ್ದೇ ಆಗಿರಬೇಕು ಇಲ್ಲಾ ಅದಕ್ಕಿಂತ ಹೊಸದಿರಬೇಕು, ಕ್ಯಾಲಿಫೋರ್ನಿಯಾ ಕಾರಿಗೆ ಕ್ಯಾಲಿಫೋರ್ನಿಯಾ ಎಂಜಿನ್ನೇ ಬೇಕು, ಆ ಎಂಜಿನ್ ಜೊತೆ ಬಂದ ಹೊಗೆ ತಗ್ಗಿಸೋ ಸಾಮಾನೆಲ್ಲ ಒಂದೂ ಬಿಡದೆ ಇರಬೇಕು. ಅಷ್ಟೇ. ಜನ ಫೇಲಾಗೋದು ಈ ಕೊನೇದರಲ್ಲಿ. ಎಂಜಿನ್ ಒಂದು ಕಡೆಯಿಂದ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇನ್ನೊಂದು ಕಡೆಯಿಂದ, ಇಜಿಆರ್ (ಹೊಗೆಯ ಒಂದು ಪಾಲನ್ನ ಮತ್ತೆ ಎಂಜಿನ್ನಿಗೆ ತಿರುಗಿಸಿ ನೈಟ್ರಿಕ್ ಆಕ್ಸೈಡ್ ತಗ್ಗಿಸೋ ವಾಲ್ವ್) "ಯಾಕೆ ಬೇಕು" ಅಂತ ಕಿತ್ತು ಪ್ಲೇಟ್ ಬಡಿದು, ಮೇಲೊಂದು ಮೆಗಾಸ್ಕ್ವರ್ಟ್ (ಕಂಪನಿ ಇಸಿಯು ಬದಲು ಹಾಕೋ ಹೊರಗಿನ ಕಂಪ್ಯೂಟರ್) ಕೂರಿಸಿ ರೆಫರೀ ಹತ್ತಿರ ಹೋದರೆ ಆತ ಬಾನೆಟ್ ಮುಚ್ಚಿ ಕಳಿಸದೆ ಇನ್ನೇನು ಮಾಡ್ತಾನೆ?

ಹಾಗಾಗಿ ಬರೀ ಎಂಜಿನ್ ಹುಡುಕಲಿಲ್ಲ, ಇಡೀ ಕಾರು ಹುಡುಕಿದೆ. ಹಿಂದಿನಿಂದ ಗುದ್ದಿಸಿಕೊಂಡ 1995ರ ಬಿಳೀ ಮಿಯಾಟಾ ಸ್ಯಾಕ್ರಮೆಂಟೋ ಹತ್ತಿರ ಸಿಕ್ಕಿತು, ಸಾವಿರದ ಐನೂರು ಡಾಲರಿನ ಆಸುಪಾಸು. 96, 97ರವು ಇನ್ನೂ ಕಡಿಮೆಗೆ ಸಿಗ್ತಿದ್ದವು, ಬೇಕಂತಲೇ ಬಿಟ್ಟೆ. ಅವು ಒಬಿಡಿ-2, ಹೊಗೆ ಸಾಮಾನಿನ ತಪ್ಪನ್ನ ಕಾರಿನ ಕಂಪ್ಯೂಟರೇ ಹಿಡಿಯೋ ವ್ಯವಸ್ಥೆ. ಅದನ್ನ ಹಾಕಿದರೆ ಹಿಂದಿನ ಆಕ್ಸಿಜನ್ ಸೆನ್ಸರ್, ಒಬಿಡಿ-2 ಪೋರ್ಟ್, ರೆಡಿನೆಸ್ ಮಾನಿಟರ್ (ಆ ತಪಾಸಣೆ ಮುಗಿದಿದೆ ಅಂತ ಹೇಳೋದು) ಎಲ್ಲಾ ಜೀವಂತ ಇರಬೇಕು. 95ರ 128 ಕುದುರೆಗೂ (ಹಾರ್ಸ್‌ಪವರ್) 96ರ 133 ಕುದುರೆಗೂ ಇರೋ ವ್ಯತ್ಯಾಸಕ್ಕೆ ಆ ತಲೆನೋವು ಬೇಡ. ಹಾಗೆ ನೋಡಿದರೆ ಹಳೇ 1.6ರದ್ದು 116. "ಹನ್ನೆರಡು ಕುದುರೆಗೆ ಇಷ್ಟೆಲ್ಲನಾ ರೀ?" ಅಂದಳು ನನ್ನ ಹೆಂಡತಿ. ಟಾರ್ಕ್ ಬಗ್ಗೆ ವಿವರಿಸೋಕೆ ಹೋದೆ, ಆಕೆ ಕುಕ್ಕರ್ ಕೂಗ್ತಿದೆ ಅಂತ ಎದ್ದು ಹೋದಳು.

ಡೋನರ್ ಕಾರಿಂದ, ಅಂದರೆ ಬಿಡಿಭಾಗಕ್ಕೆ ಅಂತ ಕೊಂಡ ಆ ಬಿಳೀ ಕಾರಿಂದ, ನಾನು ತೆಗೆದುಕೊಂಡಿದ್ದು: ಎಂಜಿನ್, ಇಸಿಯು, ಎಂಜಿನ್ ವೈರಿಂಗ್ ಪೂರ್ತಿ, ಗಾಳಿ ಅಳೆಯೋ ಮೀಟರ್, ನಾಲ್ಕು ವೈರಿನ ಆಕ್ಸಿಜನ್ ಸೆನ್ಸರ್ (1.6ರಲ್ಲಿ ಒಂದೇ ವೈರು), ಇಜಿಆರ್ ಮತ್ತು ಅದರ ಸೊಲೆನಾಯ್ಡ್‌ಗಳು, ಪೆಟ್ರೋಲ್ ಆವಿ ಹಿಡಿಯೋ ಚಾರ್ಕೋಲ್ ಡಬ್ಬಿ, ಅದರ ಪೈಪುಗಳು. ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಗೇರ್) ಕೂಡ, ಯಾಕಂದ್ರೆ 1.6ರ ಆರಿಂಚಿನ ಗೇರ್ ಈ ಎಂಜಿನ್ನಿಗೆ ಹೆಚ್ಚು ದಿನ ತಡೆಯಲ್ಲ. ಕೊನೆಗೆ ಬಾನೆಟ್ ಕೂಡ ತಂದೆ. ಕ್ಯಾಲಿಫೋರ್ನಿಯಾ ನಿಯಮಕ್ಕೆ ತಕ್ಕ ಎಂಜಿನ್ ಅಂತ ಬರೆದಿರೋ ಚೀಟಿ ಅಂಟಿರೋದು ಅದರ ಒಳಮೈಗೆ. ಕಾರು ಕೆಂಪು, ಬಾನೆಟ್ ಬಿಳಿ. ನೋಡಿದವರೆಲ್ಲ ನಕ್ಕರು. ರೆಫರೀ ನಗಲಿಲ್ಲ, ಟಾರ್ಚ್ ಹಾಕಿ ಆ ಚೀಟಿಯನ್ನ ಎರಡೆರಡು ಸಲ ಓದಿದ.

ಎಂಜಿನ್ ಕೂರಿಸೋದರ ಬಗ್ಗೆ ಬರೆಯಲ್ಲ, ಅದು ಎಲ್ಲರಿಗೂ ಗೊತ್ತು. ವೈರಿಂಗ್‌ನದ್ದು ಮಾತ್ರ ಬೇರೆ ಕತೆ. 1995ರ ಎಂಜಿನ್ ವೈರಿಂಗನ್ನ 1990ರ ಬಾಡಿ ವೈರಿಂಗಿಗೆ ಸೇರಿಸೋ ಜಾಗದಲ್ಲಿ ಬಣ್ಣಗಳು ಹೊಂದಲ್ಲ, ಪಿನ್‌ಗಳೂ ಹೊಂದಲ್ಲ. ಚಳಿಗಾಲದ ವಾರಾಂತ್ಯಗಳೆಲ್ಲ ಅದಕ್ಕೇ ಹೋದವು. ಯಾವ ವೈರು ಎಲ್ಲಿಗೆ ಅನ್ನೋ ನಕ್ಷೆ ನನ್ನ ಹತ್ತಿರ ಇದೆ. ಇಲ್ಲಿ ಹಾಕಲ್ಲ. ಕಾಫಿ ಕುಡಿಸಿದರೆ ತೋರಿಸ್ತೀನಿ.

ಇನ್ನು ಹೊಗೆ. ನಮ್ಮೂರ ಪೆಟ್ರೋಲ್ ಬಂಕಿನ ಪಕ್ಕ ಓಮ್ನಿ ನಿಲ್ಲಿಸಿಕೊಂಡು, ಸೈಲೆನ್ಸರಿಗೆ ಪೈಪು ತೂರಿಸಿ, ಎರಡು ನಿಮಿಷದಲ್ಲಿ ಪ್ರಿಂಟ್ ಕೊಡೋ ಎಮಿಷನ್ ಟೆಸ್ಟ್ ನೆನಪಿಟ್ಟುಕೊಂಡು ಇಲ್ಲಿಗೆ ಬಂದರೆ ಕೆಟ್ಟಿರಿ. ಅಲ್ಲಿ ಗಾಡಿ ನಿಂತಿರುತ್ತೆ. ಇಲ್ಲಿ 1976ರಿಂದ 1999ರವರೆಗಿನ ಕಾರಾದರೆ ಎಂಜಿನ್ ತಿರುಗಿಸೋ ಚಕ್ರ (ಮಿಯಾಟಾದಲ್ಲಿ ಹಿಂದಿನದು) ರೋಲರ್ ಮೇಲೆ ಇಟ್ಟು, ಗಂಟೆಗೆ 15 ಮೈಲಿಯಲ್ಲಿ ಒಂದು ಭಾರ, 25ರಲ್ಲಿ ಇನ್ನೊಂದು ಭಾರ ಹಾಕಿ ಓಡಿಸ್ತಾರೆ. ಎಂಜಿನ್ನಿಗೆ ಭಾರ ಬಿದ್ದಾಗಲೇ ನೈಟ್ರಿಕ್ ಆಕ್ಸೈಡ್ ಏಳೋದು. ನಿಂತ ಗಾಡಿಯಲ್ಲಿ ಅದು ಗೊತ್ತೇ ಆಗಲ್ಲ.

ಸರ್ಕಾರಕ್ಕೆ ವರದಿ ಹೋಗದ ಪ್ರೀ-ಟೆಸ್ಟ್ ಮೊದಲು ಮಾಡಿಸಿದೆ, ಮನೆ ಹತ್ತಿರದ ಒಂದು ಅಂಗಡಿಯಲ್ಲಿ, ಒಂದು ಸಲಕ್ಕೆ ಮೂವತ್ತೋ ನಲವತ್ತೋ ಡಾಲರು. ಮೊದಲ ಸಲವೇ ನೈಟ್ರಿಕ್ ಆಕ್ಸೈಡ್ 1,200 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು) ದಾಟಿತು. ಮಿತಿ ಏಳುನೂರು ಚಿಲ್ಲರೆ. ಹೈಡ್ರೋಕಾರ್ಬನ್ ಪರವಾಗಿಲ್ಲ, ಸಿಒ (ಕಾರ್ಬನ್ ಮಾನಾಕ್ಸೈಡ್) ಚಿನ್ನ. ಅಂಗಡಿಯವನು "ಕ್ಯಾಟ್ ಹೋಗಿದೆ" ಅಂದ, ಅಂದರೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್. ನಾನು ನಂಬಲಿಲ್ಲ, ಇಜಿಆರ್ ಬಿಚ್ಚಿದೆ. ವಾಲ್ವ್ ಕೆಲಸ ಮಾಡ್ತಿದೆ, ಆದರೆ ನಿರ್ವಾತ ಕೊಟ್ಟು ಅದನ್ನ ತೆರೆದರೆ ತಡವರಿಸಬೇಕಿದ್ದ ಎಂಜಿನ್ ಅಲುಗಾಡೋದೂ ಇಲ್ಲ. ಅಂದರೆ ಹೊಗೆ ವಾಪಸ್ ಹೋಗೋ ದಾರಿ ಕಟ್ಟಿದೆ. ಮ್ಯಾನಿಫೋಲ್ಡ್ ಇಳಿಸಿ ನೋಡಿದರೆ ಇಪ್ಪತ್ತೈದು ವರ್ಷದ ಮಸಿ ಕಲ್ಲಿದ್ದಲಾಗಿ ಕೂತಿದೆ. ಅದನ್ನ ಹೊರಗೆ ತರೋಕೆ ಕಾರಿನ ಅಂಗಡಿಯ ಸ್ಪ್ರೇ ಯಾವುದೂ ಸಾಲಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಅಡುಗೆಮನೆ ಸಿಂಕಿನ ಕೆಳಗಿಂದ ಬಂತು, ರಾತ್ರಿಯಿಡೀ ನೆನೆಸಿಟ್ಟೆ. ಹೆಸರು ಹೇಳಲ್ಲ, ಅಲ್ಯೂಮಿನಿಯಂ ತಿನ್ನೋ ಸಾಮಾನೂ ಅಲ್ಲೇ ಇರುತ್ತೆ, ಯಾರಾದರೂ ಅದನ್ನ ಹಾಕಿ ಮ್ಯಾನಿಫೋಲ್ಡ್ ಕಳಕೊಂಡು ನನ್ನನ್ನ ಬೈಯೋದು ಬೇಡ.

ಮುಂದಿನ ಪ್ರೀ-ಟೆಸ್ಟಿಗೆ ಎಂಟುನೂರರ ಹತ್ತಿರ ಬಂತು. ಇನ್ನೂ ಮೇಲೆ. ಆಗ ಶುರುವಾದವು ನನ್ನ ಪ್ರಯೋಗಗಳು.

"ಪಾಸ್ ಗ್ಯಾರಂಟಿ" ಬಾಟಲಿ ಟ್ಯಾಂಕಿಗೆ ಸುರಿದೆ, ಹದಿನೈದು ಡಾಲರು. ಅಂಕಿ ಅಲ್ಲಾಡಲಿಲ್ಲ. ಬಿಕೆಆರ್5ಇ-11 ಸ್ಪಾರ್ಕ್ ಪ್ಲಗ್ ತೆಗೆದು ಒಂದು ಹಂತ ತಣ್ಣನೆಯ ಬಿಕೆಆರ್6ಇ-11 ಹಾಕಿದೆ. ಇಪ್ಪತ್ತೋ ಮೂವತ್ತೋ ಪಿಪಿಎಂ ಇಳಿಯಿತು, ಅಷ್ಟು ವ್ಯತ್ಯಾಸ ಒಂದೇ ಕಾರನ್ನ ಅರ್ಧ ಗಂಟೆ ಬಿಟ್ಟು ಅಳೆದರೂ ಬರುತ್ತೆ. ವಾಪಸ್ 5 ಹಾಕಿದೆ. ಟೈಮಿಂಗ್ (ಪ್ಲಗ್ಗು ಕಿಡಿ ಹಾರಿಸೋ ಹೊತ್ತು, ಡಿಗ್ರಿ ಲೆಕ್ಕದಲ್ಲಿ) ಮಾತ್ರ ಕೆಲಸ ಮಾಡಿತು. ನಮ್ಮ ಮಿಯಾಟಾದವರೆಲ್ಲ ಅದನ್ನ 14ಕ್ಕೆ ಏರಿಸಿಕೊಂಡು ಓಡಿಸ್ತಾರೆ. ಟೈಮಿಂಗ್ ಹೊಂದಿಸೋಕೆ ಟಿಇಎನ್, ಗ್ರೌಂಡ್ ಅನ್ನೋ ಎರಡು ಪಿನ್ನಿಗೆ ಜಂಪರ್ ವೈರು ಹಾಕಿ 10ಕ್ಕೆ ತಂದರೇ ಬಹಳ ಇಳಿಯುತ್ತೆ. ಟೆಸ್ಟಿನಲ್ಲಿ ಅದನ್ನ ಲೈಟ್ ಹಿಡಿದು ನೋಡೋದರಿಂದ ಹೇಗೂ 10ಕ್ಕೆ ತರಲೇಬೇಕು. ಆದರೆ ಅವರು ಒಂದಿಷ್ಟು ಆಚೀಚೆ ಒಪ್ಪುತ್ತಾರೆ. ಆ ಅಂತರದಲ್ಲಿ ನಾನು ಯಾವ ಕಡೆಗೆ ಇಟ್ಟೆ ಅಂತ ನೀವೇ ಊಹಿಸಿ, ಎಷ್ಟು ಅಂತ ಹೇಳಲ್ಲ.

ಇದೆಲ್ಲ ಆದ ಮೇಲೆ ಅಂಕಿ ಮಿತಿಯ ಒಳಗೆ ಬಂತು, ಕೂದಲೆಳೆ ಅಂತರದಲ್ಲಿ. ಆದರೂ ಕ್ಯಾಟ್ ಬದಲಿಸಲೇಬೇಕಿತ್ತು, ಯಾಕಂದ್ರೆ ಹಿಂದಿನ ಮಾಲೀಕ ಹಾಕಿಸಿದ್ದು ಬೇರೆ ರಾಜ್ಯಗಳಲ್ಲಿ ಮಾರೋ ಅಗ್ಗದ್ದು. ಕ್ಯಾಲಿಫೋರ್ನಿಯಾದ ಇಒ (ಒಪ್ಪಿಗೆ ಆದೇಶ) ನಂಬರ್ ಮೈಮೇಲೆ ಒತ್ತಿಲ್ಲದಿದ್ದರೆ ಹೊಗೆ ಎಷ್ಟೇ ಶುದ್ಧ ಇದ್ದರೂ ಕಣ್ಣಲ್ಲಿ ನೋಡಿಯೇ ಫೇಲ್ ಮಾಡ್ತಾರೆ. ಇಲ್ಲೇ ಹಣ ಹೋಗೋದು. ಅಗ್ಗದ್ದು ನೂರೈವತ್ತಕ್ಕೆ ಸಿಗುತ್ತೆ, ಇಒ ಇರೋದು ನನಗೆ ಏಳುನೂರಕ್ಕೆ ಬಂತು, ಬೆಸುಗೆಗೆ ಬೇರೆ. ಒಂದು ಎಚ್ಚರ: ಆ ಇಒ ಪಟ್ಟಿಯಲ್ಲಿ ನಿಮ್ಮ ಎಂಜಿನ್ನಿನ ವರ್ಷ ಇರಬೇಕು. ನಾನು ತಂದಿದ್ದು 1.8, 1995ಕ್ಕೆ ಒಪ್ಪೋದು. ಅಂಗಡಿಯವರು ಕಾರಿನ ವರ್ಷ ಕೇಳಿ 1.6ರದ್ದು ಕೊಡೋಕೆ ಬಂದಿದ್ದರು.

ಹೊಸ ಕ್ಯಾಟ್ ಕೂರಿಸಿದ ಮೇಲೆ ಇನ್ಫ್ರಾರೆಡ್ ಗನ್ ಹಿಡಿದು ಮುಂದೆ ಹಿಂದೆ ಶಾಖ ಅಳೆದೆ. ಹಳೇದರಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಹೊಸದರಲ್ಲಿ ಹಿಂದಿನ ತುದಿ ಐವತ್ತು ಅರವತ್ತು ಡಿಗ್ರಿ ಹೆಚ್ಚು ಬಿಸಿ. ನನಗೆ ಅಷ್ಟು ಸಾಕಿತ್ತು, ಆದರೆ ಪ್ರೀ-ಟೆಸ್ಟಿನಲ್ಲಿ ಸಿಒ ಇದ್ದಕ್ಕಿದ್ದಂತೆ ಒಂದು ಪರ್ಸೆಂಟ್ ದಾಟಿತು! ಅಲ್ಲಿಯವರೆಗೆ ಚಿನ್ನದಂತಿದ್ದದ್ದು. ಇಸಿಯು, ಸೆನ್ಸರ್, ಇಂಜೆಕ್ಟರ್ ಅಂತ ತಲೆ ಕೆಡಿಸಿಕೊಂಡು, ಸೆನ್ಸರ್ ಹೊಸದನ್ನೂ ಹಾಕಿದ್ದಾಯ್ತು, ಎಂಬತ್ತು ಡಾಲರ್ ಗೋವಿಂದ. ಕೊನೆಗೆ ಸಿಕ್ಕಿದ್ದು ಬೆಸುಗೆಯವರು ಪೈಪು ಎಳೆದಾಡಿದಾಗ ಸೆನ್ಸರಿಗಿಂತ ಮುಂಚಿನ ಜೋಡಣೆಯಲ್ಲಿ ಸೀಳಿದ ಗ್ಯಾಸ್ಕೆಟ್. ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರಿ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಇದೆ ಅಂತ ಸೆನ್ಸರ್ ಸುಳ್ಳು ಹೇಳ್ತಿತ್ತು, ಇಸಿಯು ಅದನ್ನ ನಂಬಿ ಸುರೀತಿತ್ತು. ಹನ್ನೆರಡು ಡಾಲರ್ ಗ್ಯಾಸ್ಕೆಟ್.

ಮಾಮೂಲಿ ಸ್ಮಾಗ್ ಅಂಗಡಿಯವರು ಎಂಜಿನ್ ಬದಲಿಸಿದ ಕಾರಿಗೆ ಸರ್ಟಿಫಿಕೇಟ್ ಕೊಡೋ ಹಾಗಿಲ್ಲ, ರೆಫರೀ ಹತ್ತಿರಾನೇ ಹೋಗಬೇಕು. ಹೆಸರು ಕೇಳಿದರೆ ಜನ ಹೆದರ್ತಾರೆ. ಹೆಚ್ಚಿನವರು ಇರೋದು ಕಮ್ಯುನಿಟಿ ಕಾಲೇಜುಗಳ ಆಟೋ ವಿಭಾಗದಲ್ಲಿ, ಫೋನ್ ಮಾಡಿ ಸಮಯ ತಗೋಬೇಕು. ನನ್ನ ಅನುಭವದಲ್ಲಿ ಅವರು ಅಂಗಡಿಯವರಿಗಿಂತ ಎಷ್ಟೋ ವಾಸಿ. ವಿಷಯ ಗೊತ್ತು, ಕೇಳಿದ್ದಕ್ಕೆ ಉತ್ತರ ಕೊಡ್ತಾರೆ, ಕಾರು ತಗ್ಗಿಸಿರೋದು, ರೋಲ್ ಬಾರ್ ಇರೋದು ಅವರಿಗೆ ಬೇಕಿಲ್ಲ.

ಮೊದಲ ಸಲ ವಾಪಸ್ ಕಳಿಸಿದರು. ಹೊಗೆಯಲ್ಲಿ ಅಲ್ಲ. ಒಂದು, ಚೆಕ್ ಎಂಜಿನ್ ದೀಪದ ಬಲ್ಬ್ ಸುಟ್ಟಿತ್ತು. ಕೀ ತಿರುಗಿಸಿದಾಗ ಅದು ಹತ್ತಲೇಬೇಕು. ಎರಡು, ಟ್ಯಾಂಕಿಗೆ ನೈಟ್ರೋಜನ್ ತುಂಬಿ ಪೆಟ್ರೋಲ್ ಆವಿ ಸೋರುತ್ತಾ ಅಂತ ನೋಡೋ ಪರೀಕ್ಷೆ, 76ರಿಂದ 95ರವರೆಗಿನ ಕಾರಿಗೆಲ್ಲ ಇರೋದು. ಚಾರ್ಕೋಲ್ ಡಬ್ಬಿಗೆ ಹೋಗೋ ಬೆರಳುದ್ದದ ರಬ್ಬರ್ ಪೈಪಿನಲ್ಲಿ ಬಿರುಕು. ಹಳೇ ಮಿಯಾಟಾ ಇರೋರು ಇದನ್ನ ಕಣ್ಣು ಮುಚ್ಚಿಕೊಂಡು ಬದಲಿಸಿ, ಆರು ಡಾಲರೂ ಆಗಲ್ಲ.

ಎರಡನೇ ಸಲ ಹೋಗುವಾಗ 680 ಹೆದ್ದಾರಿಯಲ್ಲಿ ಸನೋಲ್ ಏರನ್ನ ಮೂರನೇ ಗೇರಲ್ಲೇ ಹತ್ತಿಸಿದೆ, ಕ್ಯಾಟ್ ಕೆಂಡದ ಹಾಗೆ ಕಾಯಲಿ ಅಂತ. ಅಲ್ಲಿ ಹೋಗಿ ಸರದಿಯಲ್ಲಿ ಎಂಜಿನ್ ಆರಿಸಲಿಲ್ಲ, ಸುಮ್ಮನೆ ಐಡಲ್‌ನಲ್ಲೂ ಬಿಡಲಿಲ್ಲ, ಎರಡು ಸಾವಿರ ಆರ್‌ಪಿಎಂ ಹಿಡಿದು ಕೂತಿದ್ದೆ. ಪಕ್ಕದ ಕಾರಿನವರು ಕೆಟ್ಟದಾಗಿ ನೋಡಿದರು, ನೋಡಲಿ. ನೈಟ್ರಿಕ್ ಆಕ್ಸೈಡ್ ಇನ್ನೂರರ ಆಸುಪಾಸು, ಹೈಡ್ರೋಕಾರ್ಬನ್ ಮೂವತ್ತು, ಸಿಒ ಸೊನ್ನೆ ಪಾಯಿಂಟ್ ಸೊನ್ನೆ ಏನೋ. ಹೊಸ ಕಾರುಗಳಲ್ಲೂ ಎಷ್ಟೋ ಇಷ್ಟು ಶುದ್ಧ ಇರಲ್ಲ ಅಂತ ಆ ಮನುಷ್ಯನೇ ಹೇಳಿದ, ನಾನು ಹೇಳಿದ್ದಲ್ಲ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಯಾವ ವರ್ಷದ ಎಂಜಿನ್, ಏನೇನು ಇರಬೇಕು ಎಲ್ಲ ಇದೆ. ಇನ್ನು ಮುಂದೆ ಯಾವ ಅಂಗಡಿಯವರಾದರೂ ಅದನ್ನ ನೋಡಿ ಟೆಸ್ಟ್ ಮಾಡಬಹುದು.

ಒಟ್ಟು ಖರ್ಚು ಹೇಳಿಬಿಡ್ತೀನಿ, ಎಲ್ಲರೂ ಕೇಳೋದು ಅದೇ. ಡೋನರ್ ಕಾರು ಸಾವಿರದ ಐನೂರು, ಅದರ ಸೀಟು, ದೀಪ, ಬಾಗಿಲು ಮಾರಿ ಎಂಟುನೂರರಷ್ಟು ವಾಪಸ್ ಬಂತು, ಉಳಿದದ್ದು ಗುಜರಿಗೆ. ಕ್ಯಾಟ್ ಮತ್ತು ಬೆಸುಗೆ ಎಂಟುನೂರೈವತ್ತು. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್, ಗ್ಯಾಸ್ಕೆಟ್ ಸೇರಿ ಏಳೆಂಟು ನೂರು. ಪ್ರೀ-ಟೆಸ್ಟು, ಬಾಟಲಿ, ಪ್ಲಗ್ಗು, ಸೆನ್ಸರು ಅಂತ ಇನ್ನೂ ಮುನ್ನೂರು ದಾಟಿರಬೇಕು. ಸರ್ಟಿಫಿಕೇಟಿಗೆ ಸರ್ಕಾರಕ್ಕೆ ಕಟ್ಟಿದ್ದು 8 ಡಾಲರ್ 25 ಸೆಂಟ್. ಬಾನೆಟ್ಟಿಗೆ ಬಣ್ಣ ಹೊಡೆಸೋಕೆ ಕೇಳಿದ್ದು ಆರುನೂರು, ಅದು ಸದ್ಯಕ್ಕೆ ಬಿಳಿಯಾಗೇ ಇರುತ್ತೆ.

ಹಳೇ 1.6 ಎಂಜಿನ್ ಗ್ಯಾರೇಜಿನಲ್ಲಿ ಕೂತಿದೆ, ಕಂಪ್ರೆಷನ್ ನಾಲ್ಕೂ ಸಿಲಿಂಡರಿಗೆ ಚೆನ್ನಾಗಿದೆ. ವಾಷಿಂಗ್ ಮೆಷಿನ್ ಇಡೋ ಜಾಗ ಅದು ಅಂತ ಮನೆಯಲ್ಲಿ ನೋಟಿಸ್ ಬಂದಿದೆ. ಮುನ್ನೂರಕ್ಕೆ ಕೊಡ್ತೀನಿ, ಎತ್ತೋಕೆ ಇಬ್ಬರು ಜೊತೆಗೆ ಬನ್ನಿ.