ಸೀಸದ ಗುಂಡಿನ ತೋಟಾ ಸಿಕ್ಕಿಕೊಳ್ಳುತ್ತಿದೆಯೇ? ಮೊದಲು ಬ್ಯಾರೆಲ್ ಬಿಚ್ಚಿ

ಪಿಸ್ತೂಲಿನ ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಮುಂದೆ ಬಂತು, ಆದರೆ ಪೂರ್ತಿ ಮುಚ್ಚಲಿಲ್ಲ. ಅಕ್ಕಿಕಾಳಿನಷ್ಟು ಸಂದು ಉಳಿದುಬಿಟ್ಟಿತು. ಟ್ರಿಗರ್ ಎಳೆದರೆ ಸದ್ದೇ ಇಲ್ಲ. ಗುರಿ ಅಭ್ಯಾಸಕ್ಕೆಂದು ಮನೆಯಲ್ಲೇ ತೋಟಾ ತುಂಬಿಕೊಳ್ಳುವ (ಹಿತ್ತಾಳೆ ಕೇಸಿಗೆ ಮದ್ದು, ಗುಂಡು ಹಾಕಿ ತೋಟಾ ಮಾಡಿಕೊಳ್ಳುವ) ಅಮೆರಿಕದ ಹವ್ಯಾಸಿಗಳಿಗೆ ಈ ತಲೆನೋವು ಹೊಸದಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಸೀಸದ ಗುಂಡು ಬಳಸುವವರಿಗಂತೂ ಇನ್ನೂ ಜಾಸ್ತಿ.

ಇಲ್ಲಿಯ ನನ್ನ ಕನ್ನಡದ ಗೆಳೆಯರಲ್ಲಿ ಕೆಲವರು ಈಚೆಗೆ ಈ ಹವ್ಯಾಸಕ್ಕೆ ಬಂದಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ, ಮಾರುವುದಕ್ಕೆ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಊರಲ್ಲಿರುವವರು ಇದನ್ನು ಪ್ರಯೋಗ ಮಾಡಬೇಡಿ.

ಉದಾಹರಣೆಗೆ 1911 ಪಿಸ್ತೂಲನ್ನೇ ತೆಗೆದುಕೊಳ್ಳೋಣ. ಜಾನ್ ಬ್ರೌನಿಂಗ್ ರೂಪಿಸಿದ ಇದನ್ನು ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡಿತು. ಅದಕ್ಕೆ ಹಾಕುವ .45 ಎಸಿಪಿ ಎಂಬ ತೋಟಾದಲ್ಲಿ ಇದ್ದದ್ದು 230 ಗ್ರೇನ್ (ಸುಮಾರು 15 ಗ್ರಾಂ) ತೂಕದ, ಲೋಹದ ಹೊದಿಕೆಯ, ಉರುಟು ಮೂತಿಯ ಗುಂಡು. ಪಿಸ್ತೂಲಿನಲ್ಲಿ ತೋಟಾ ಒಳಹೋಗುವ ದಾರಿಯೆಲ್ಲ ಆ ಉರುಟು ಮೂತಿಗೆ ಹೊಂದಿಸಿದ್ದು. ನಾವು ತುಂಬುವುದು ಸಾಮಾನ್ಯವಾಗಿ 200 ಗ್ರೇನ್‌ನ ಸೆಮಿ ವಾಡ್‌ಕಟರ್ ಎಂಬ ಗುಂಡು. ಅದಕ್ಕೆ ಚಪ್ಪಟೆ ಮೂತಿ, ಚೂಪಾದ ಭುಜ, ಮೆತ್ತಗಿನ ಸೀಸ, ಮೈಗೆ ಮೇಣ. ಕಾಗದದ ಗುರಿಯಲ್ಲಿ ದುಂಡಗೆ, ಅಚ್ಚುಕಟ್ಟಾದ ತೂತು ಬೀಳುತ್ತದೆ ಎಂದೇ ಎಲ್ಲರಿಗೂ ಇದು ಇಷ್ಟ.

ಸ್ಲೈಡ್ ಅರ್ಧಕ್ಕೆ ನಿಂತರೆ ಅದನ್ನು ಕೈಯಿಂದ ಗುದ್ದಿ ಮುಚ್ಚಬೇಡಿ. ಪಿಸ್ತೂಲಿನ ಮೂತಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಮೊದಲು ಮ್ಯಾಗಜೀನ್ (ತೋಟಾಗಳಿರುವ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ ಹಿಂದಕ್ಕೆಳೆಯಿರಿ. ಗುಂಡು ಬ್ಯಾರೆಲ್ಲಿನಲ್ಲೇ ಕಚ್ಚಿಕೊಂಡು ಬರೀ ಕೇಸ್ ಹೊರಬಂದರೆ ಒಳಗೆಲ್ಲ ಮದ್ದು ಚೆಲ್ಲಿರುತ್ತದೆ. ಆಗ ಅವತ್ತಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ.

ಆ ಸಿಕ್ಕಿಕೊಂಡ ತೋಟಾವನ್ನು ಎಸೆಯಬೇಡಿ. ಹಿತ್ತಾಳೆ ಕೇಸಿನ ಮೇಲೂ ಗುಂಡಿನ ಮೇಲೂ ಎಲ್ಲಿ ಉಜ್ಜಿತು ಎಂಬ ಗುರುತು ಉಳಿದಿರುತ್ತದೆ. ನಾನು ಮೊದಲು ಇದನ್ನು ನೋಡುತ್ತಲೇ ಇರಲಿಲ್ಲ. ಮ್ಯಾಗಜೀನ್ ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ, ದುಡ್ಡು ಖರ್ಚಾಯಿತು. ತಪ್ಪು ಇದ್ದದ್ದು ನಾನು ತುಂಬಿದ ತೋಟಾದಲ್ಲಿ.

ಪಿಸ್ತೂಲು ಖಾಲಿ ಇದೆ ಎಂದು ಎರಡು ಸಲ ನೋಡಿ, ಬಿಚ್ಚಿ, ಬ್ಯಾರೆಲ್ ಹೊರಗೆ ತೆಗೆಯಿರಿ. ಚೇಂಬರ್ (ಬ್ಯಾರೆಲ್ಲಿನ ಹಿಂಬದಿಯಲ್ಲಿ ತೋಟಾ ಕೂರುವ ಗೂಡು) ಮೇಲಕ್ಕೆ ಬರುವಂತೆ ಹಿಡಿದು ತೋಟಾವನ್ನು ಮೆಲ್ಲಗೆ ಒಳಗೆ ಬಿಡಿ. ಸರಿ ಇರುವ ತೋಟಾ 'ಟಕ್' ಎಂದು ಕೂರುತ್ತದೆ. ಅದರ ಹಿಂಬದಿ ಬ್ಯಾರೆಲ್ಲಿನ ಹಿಂದಿನ ನಾಲಿಗೆಯ ಮಟ್ಟಕ್ಕೆ ಬರುತ್ತದೆ, ಬೆರಳಲ್ಲಿ ತಿರುಗಿಸಿದರೆ ಸರಾಗ ತಿರುಗುತ್ತದೆ. ಬ್ಯಾರೆಲ್ ಬೋರಲು ಮಾಡಿದರೆ ತಾನೇ ಬೀಳುತ್ತದೆ. ಹೀಗಾಗದಿದ್ದರೆ ಕಪ್ಪು ಮಾರ್ಕರ್ ಪೆನ್ನಿನಿಂದ ತೋಟಾಕ್ಕೆ ಪೂರ್ತಿ ಬಣ್ಣ ಬಳಿಯಿರಿ. ಮತ್ತೆ ಒಳಗೆ ಬಿಟ್ಟು, ಸ್ವಲ್ಪ ತಿರುಗಿಸಿ, ತೆಗೆದು ನೋಡಿ. ಬಣ್ಣ ಎಲ್ಲಿ ಹೋಗಿದೆಯೋ ಅಲ್ಲೇ ತಗಲುತ್ತಿದೆ.

ಗುಂಡಿನ ಭುಜದಲ್ಲಿ ಬಣ್ಣ ಹೋಗಿದ್ದರೆ ಗುಂಡು ಬ್ಯಾರೆಲ್ಲಿನೊಳಗಿನ ಸುರುಳಿ ಗೀರುಗಳಿಗೆ ತಾಗುತ್ತಿದೆ ಎಂದರ್ಥ. ತೋಟಾ ಉದ್ದವಾಗಿದೆ. .45 ಎಸಿಪಿಯ ಗರಿಷ್ಠ ಉದ್ದ 1.275 ಇಂಚು ಎಂದು ಪುಸ್ತಕದಲ್ಲಿರುತ್ತದೆ. ಅದು ಉರುಟು ಮೂತಿಗೆ ಸರಿ. ಭುಜವಿರುವ ಗುಂಡು ಹೆಚ್ಚಾಗಿ 1.250 ಇಂಚಿನ ಆಸುಪಾಸಿನಲ್ಲಿ ಹೊಂದಿಕೊಳ್ಳುತ್ತದೆ, ಭುಜ ಕೇಸಿನ ಬಾಯಿಯಿಂದ ಉಗುರಿನ ದಪ್ಪದಷ್ಟು ಮಾತ್ರ ಮೇಲಿರುತ್ತದೆ. ಒಂದು ಎಚ್ಚರಿಕೆ: ಗುಂಡನ್ನು ಒಳಕ್ಕೆ ಒತ್ತಿದಷ್ಟೂ ಒಳಗಿನ ಒತ್ತಡ ಏರುತ್ತದೆ. ಉದ್ದ ಬದಲಿಸಿದರೆ ಪ್ರಕಟಿತ ಕೈಪಿಡಿಯಲ್ಲಿರುವ ಕನಿಷ್ಠ ಮದ್ದಿನ ಅಳತೆಯಿಂದ ಮತ್ತೆ ಶುರು ಮಾಡಿ.

ಕೇಸಿನ ಬಾಯಿಯಲ್ಲಿ ಬಣ್ಣ ಹೋಗಿದ್ದರೆ ಅಲ್ಲಿ ಬಾಯಿ ಅಗಲವಾಗಿಯೇ ಉಳಿದಿದೆ. ಸೀಸದ ಗುಂಡು 0.452 ಇಂಚು. ಹೊದಿಕೆಯ ಗುಂಡಿಗಿಂತ ಇಂಚಿನ ಸಾವಿರದ ಒಂದು ಭಾಗ ದಪ್ಪ. ಅದನ್ನು ಕೂರಿಸುವಾಗ ಸೀಸ ಕೆರೆಯದಿರಲಿ ಎಂದು ಬಾಯಿ ಅರಳಿಸುತ್ತೇವೆ, ಅಲ್ವಾ? ಕೊನೆಗೆ ಟೇಪರ್ ಕ್ರಿಂಪ್ ಡೈ (ಬಾಯಿಯನ್ನು ಸುತ್ತಲೂ ಒತ್ತಿ ಕಿರಿದಾಗಿಸುವ ಅಚ್ಚು) ಆ ಅರಳನ್ನು ಮತ್ತೆ ಮಡಚಬೇಕು. ಕ್ಯಾಲಿಪರ್‌ನಲ್ಲಿ ಬಾಯಿ 0.470ರಿಂದ 0.471 ಇಂಚು ತೋರಿಸಿದರೆ ಸಾಕು. ಇನ್ನೂ ಬಿಗಿ ಮಾಡಬೇಡಿ. ಈ ತೋಟಾ ಚೇಂಬರಿನಲ್ಲಿ ನಿಲ್ಲುವುದೇ ಕೇಸಿನ ಬಾಯಿಯ ಆಧಾರದ ಮೇಲೆ. ಜಾಸ್ತಿ ಒತ್ತಿದರೆ ಸೀಸವೂ ಜಜ್ಜಿಹೋಗುತ್ತದೆ, ಗುಂಡಿನ ಹಿಡಿತವೂ ಸಡಿಲವಾಗುತ್ತದೆ.

ಬಾಯಿಯ ಸುತ್ತ ಸೀಸದ ತೆಳು ಬಳೆ ಕಂಡರೆ ಅರಳಿಸಿದ್ದು ಸಾಲದು, ಇಲ್ಲವೇ ಕೂರಿಸುವುದೂ ಕ್ರಿಂಪ್ ಮಾಡುವುದೂ ಒಂದೇ ಡೈಯಲ್ಲಿ ಒಟ್ಟಿಗೆ ಆಗುತ್ತಿದೆ. ಸೀಸದ ಗುಂಡಿಗೆ ಈ ಎರಡು ಕೆಲಸ ಬೇರೆ ಬೇರೆ ಡೈಯಲ್ಲಿ ಮಾಡುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನನ್ನ ತೊಂದರೆಯಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ನಿಂತಿತು. ತೋಟಾದ ಒಂದೇ ಪಕ್ಕದಲ್ಲಿ ಗೀರಿದ್ದರೆ ಗುಂಡು ಓರೆಯಾಗಿ ಕೂತಿದೆ. ಬುಡದ ಹತ್ತಿರ ಗೀರಿದ್ದರೆ ಹಳೆಯ ಕೇಸಿನ ಉಬ್ಬು ಪೂರ್ತಿ ಇಳಿದಿಲ್ಲ, ರೀಸೈಜ್ ಡೈಯನ್ನು (ಕೇಸನ್ನು ಮೊದಲಿನ ಅಳತೆಗೆ ತರುವ ಅಚ್ಚನ್ನು) ಇನ್ನಷ್ಟು ಕೆಳಗಿಳಿಸಿ.

ಕೂರಿಸುವ ಡೈಯೊಳಗೆ ಮೇಣ ಮೆತ್ತಿಕೊಂಡರೆ ಐವತ್ತನೇ ತೋಟಾದ ಉದ್ದ ಮೊದಲನೆಯದರಷ್ಟು ಇರುವುದಿಲ್ಲ. ನಡುನಡುವೆ ಅಳೆಯಿರಿ, ಡೈ ಒರೆಸಿ. ಚೇಂಬರಿನ ಮುಂದಿನ ಅಂಚಿನಲ್ಲಿ ಸೀಸ ಕಟ್ಟಿದೆಯೇ ಎಂದೂ ಬ್ರಷ್ ಹಾಕಿ ನೋಡಿ.

ಗುಂಡು ಗಟ್ಟಿಯಾಗಿ ಕೂತಿದೆಯೇ ಎಂದು ನೋಡಲು ಮದ್ದೂ ಪ್ರೈಮರೂ (ಮದ್ದಿಗೆ ಕಿಡಿ ಹತ್ತಿಸುವ ಭಾಗ) ಇಲ್ಲದ ಡಮ್ಮಿ ತೋಟಾ ಮಾಡಿ. ಉದ್ದ ಅಳೆದು, ಮೇಜಿನ ಅಂಚಿಗೆ ಮೂತಿ ಇಟ್ಟು ಹೆಬ್ಬೆರಳಿನಿಂದ ಜೋರಾಗಿ ಒತ್ತಿ, ಮತ್ತೆ ಅಳೆಯಿರಿ. ಕಡಿಮೆಯಾಗಿದ್ದರೆ ಕೇಸ್ ಗುಂಡನ್ನು ಹಿಡಿದಿಲ್ಲ. ಮನೆಯಲ್ಲಿ ಸ್ಲೈಡ್ ಎಳೆದು ಪರೀಕ್ಷಿಸುವುದಿದ್ದರೆ ಡಮ್ಮಿ ಮಾತ್ರ.

ಇಷ್ಟೆಲ್ಲ ಸರಿ ಇದ್ದೂ ಸಿಕ್ಕಿಕೊಂಡರೆ ಆಗ ಪಿಸ್ತೂಲಿನ ಸರದಿ. ಖಾಲಿ ಕೇಸ್ ಕಾಲ ಬುಡದಲ್ಲೇ ಬೀಳುತ್ತಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುತ್ತಿಲ್ಲ. ಸ್ಲೈಡನ್ನು ಮುಂದಕ್ಕೆ ತಳ್ಳುವ ಮೂಲ ಸ್ಪ್ರಿಂಗ್ 16 ಪೌಂಡ್‌ನದು. ಮೆದುವಾಗಿ ತುಂಬಿದ ತೋಟಾಕ್ಕೆ ಗುರಿಕಾರರು 12 ಅಥವಾ 14 ಪೌಂಡ್‌ನದನ್ನು ಹಾಕುತ್ತಾರೆ. ಸಿಕ್ಕಿಕೊಳ್ಳುವುದು ಒಂದೇ ಮ್ಯಾಗಜೀನಿನಲ್ಲಿ ಮಾತ್ರವೇ ಎಂದು ತಿಳಿಯಲು ಪ್ರತಿಯೊಂದಕ್ಕೂ ನಂಬರ್ ಬರೆಯಿರಿ. ತೋಟಾ ಜಾರುವ ಇಳಿಜಾರನ್ನು ನೀವೇ ಅರದಿಂದ ಉಜ್ಜಲು ಹೋಗಬೇಡಿ. ಬ್ಯಾರೆಲ್ಲಿಗೂ ಫ್ರೇಮಿಗೂ ನಡುವಿನ ಸಣ್ಣ ಮೆಟ್ಟಿಲು ಬೇಕೆಂದೇ ಇಟ್ಟಿದ್ದು. ಅದು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಕೆಲಸ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹತ್ತೇ ತೋಟಾ ತುಂಬಿ, ಉದ್ದ ಮತ್ತು ಕ್ರಿಂಪ್ ಬರೆದಿಡಿ. ಹತ್ತನ್ನೂ ಬ್ಯಾರೆಲ್ಲಿಗೆ ಹಾಕಿ ನೋಡಿಯೇ ರೇಂಜಿಗೆ ಹೋಗಿ. ಅಲ್ಲಿ ಸದ್ದು ಯಾವತ್ತಿಗಿಂತ ಮೆತ್ತಗೆ ಕೇಳಿಸಿದರೆ ಮುಂದಿನದನ್ನು ಹಾರಿಸಬೇಡಿ, ಹಿಂದಿನ ಗುಂಡು ಬ್ಯಾರೆಲ್ಲಿನಲ್ಲೇ ಉಳಿದಿರಬಹುದು. ಸೀಸ ವಿಷ, ಅದಕ್ಕೇ ಮನೆಗೆ ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ಮಕ್ಕಳನ್ನು ಮುಟ್ಟಿ. ತೋಟಾ ತುಂಬುವಾಗ ಹಾಕಿದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ, ಆ ಮೇಜಿನ ಹತ್ತಿರ ಕಾಫಿ ಲೋಟ ಇಡಬೇಡಿ.